ಮೊಟ್ಟೆ ಟ್ರೇಯಲ್ಲಿ ಆಲೂಗಡ್ಡೆ

ಕೆಲಸ ಹೋಗಿ ಎರಡು ತಿಂಗಳಾಗಿತ್ತು. ಏಪ್ರಿಲ್ ಬಂದರೂ ಫಿನ್ಲೆಂಡಿನ ಹೆಲ್ಸಿಂಕಿಯ ರಸ್ತೆ ಬದಿಯಲ್ಲಿ ಕಪ್ಪಾದ ಹಿಮದ ಗುಡ್ಡೆಗಳು ಕರಗಿರಲಿಲ್ಲ. "ಆಫೀಸು ಹೇಗಿದೆ?" ಅಂತ ಅಮ್ಮ ಫೋನಲ್ಲಿ ಕೇಳಿದಾಗಲೆಲ್ಲ "ಚೆನ್ನಾಗಿದೆ" ಅನ್ನುತ್ತಿದ್ದೆ. ಆ ಭಾನುವಾರವೂ ಹಾಗೇ ಹೇಳಿ ಫೋನ್ ಇಟ್ಟೆ. ಆಮೇಲೆ ಅಳು ತಡೆಯಲಾಗಲಿಲ್ಲ.

ಮನಸ್ಸು ಬೇರೆ ಕಡೆ ಹರಿಯಲಿ ಅಂತ ಒಂದು ಸಿನಿಮಾ ಹಾಕಿದೆ. ಇಲ್ಲಿನ ನಿರ್ದೇಶಕ ಆಕಿ ಕೌರಿಸ್ಮಾಕಿಯವರ 2002ರ 'ದಿ ಮ್ಯಾನ್ ವಿದೌಟ್ ಎ ಪಾಸ್ಟ್'. ಬೀದಿಯ ಫಿನ್ನಿಷ್ ಬೇರೆ, ಪುಸ್ತಕದ ಫಿನ್ನಿಷ್ ಬೇರೆ, ನಮ್ಮ ಕನ್ನಡದ ಹಾಗೇ. ಇವರ ಪಾತ್ರಗಳು ಮುಖದ ಒಂದು ಗೆರೆಯೂ ಅಲುಗದಂತೆ, ನಿಧಾನವಾಗಿ, ಪುಸ್ತಕದ ಭಾಷೆಯಲ್ಲೇ ಮಾತಾಡುತ್ತವೆ. ನನ್ನಂಥ ಕಲಿಯುವವರಿಗೆ ಅದು ದೊಡ್ಡ ಉಪಕಾರ.

ರೈಲಿಳಿದು ಹೆಲ್ಸಿಂಕಿಗೆ ಬಂದ ಒಬ್ಬನನ್ನು ಅದೇ ರಾತ್ರಿ ಮೂವರು ಹೊಡೆದು ದೋಚುತ್ತಾರೆ. ಆಸ್ಪತ್ರೆಯಲ್ಲಿ ಸತ್ತ ಅಂತಲೇ ಹೇಳಿಬಿಡುತ್ತಾರೆ. ಅವನು ಎದ್ದು ನಡೆದುಬಿಡುತ್ತಾನೆ. ತನ್ನ ಹೆಸರೂ ನೆನಪಿಲ್ಲ. ನೀರಿನ ದಡದಲ್ಲಿ, ಹಡಗಿನ ಕಂಟೇನರುಗಳಲ್ಲಿ ಸಂಸಾರ ಮಾಡುವ ಬಡವರು ಅವನನ್ನು ನೋಡಿಕೊಳ್ಳುತ್ತಾರೆ. ಅವನಿಗೂ ಒಂದು ಕಂಟೇನರ್ ಬಾಡಿಗೆಗೆ ಸಿಗುತ್ತದೆ. ಕರೆಂಟ್ ಎಳೆದುಕೊಟ್ಟವನಿಗೆ ಎಷ್ಟು ಕೊಡಲಿ ಅಂದರೆ, ನಾನು ಚರಂಡಿಯಲ್ಲಿ ಬೋರಲು ಬಿದ್ದಿದ್ದು ಕಂಡರೆ ಅಂಗಾತ ತಿರುಗಿಸು, ಸಾಕು ಅನ್ನುತ್ತಾನೆ. ಎರಡು ತಿಂಗಳಲ್ಲಿ ಮೊದಲ ಸಲ ಜೋರಾಗಿ ನಕ್ಕೆ.

ಒಂದು ಕಡೆ ವೆಲ್ಡಿಂಗ್ ನಡೀತಿರುತ್ತದೆ. ನಿಂತು ನೋಡುತ್ತಾನೆ, ತಾನೂ ಮಾಡಿನೋಡುತ್ತೇನೆ ಅನ್ನುತ್ತಾನೆ. ಕೈಗೆ ಎಲ್ಲಾ ಗೊತ್ತು! ಅಲ್ಲಿ ಸಿನಿಮಾ ನಿಲ್ಲಿಸಿ ನನ್ನ ಕೈ ನೋಡಿಕೊಂಡೆ. ಹನ್ನೊಂದು ವರ್ಷ ಮಾಡಿದ ಕೆಲಸ ಈ ಬೆರಳುಗಳಲ್ಲಿ ಇದ್ದೇ ಇರುತ್ತದೆ, ಅಲ್ವಾ?

ಕಂಟೇನರ್ ಪಕ್ಕ ಅವನು ಆಲೂಗಡ್ಡೆ ಹಾಕುತ್ತಾನೆ. ಬೆಳೆದದ್ದು ಕೆಲವೇ ಕೆಲವು. ಒಬ್ಬ ಬಂದು ಒಂದು ಕೇಳುತ್ತಾನೆ. ಚಳಿಗಾಲಕ್ಕೆ, ಬೀಜಕ್ಕೆ ಅಂತ ಲೆಕ್ಕ ಹಾಕಿ, ಕೊನೆಗೆ ಅರ್ಧ ಕೊಡುತ್ತಾನೆ. ಇಲ್ಲದವನ ಅರ್ಧ ಆಲೂಗಡ್ಡೆ. ಇಡೀ ಸಿನಿಮಾದಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಅದೇ.

ಸಂಜೆ ಕಸ ಹಾಕಲು ಕೆಳಗಿಳಿದೆ. ನೆಲಮಹಡಿಯ ಅಜ್ಜಿ ಪ್ರತಿ ಏಪ್ರಿಲ್‌ನಲ್ಲೂ ಕಿಟಕಿಯಲ್ಲಿ ಮೊಟ್ಟೆ ಟ್ರೇ ಇಟ್ಟು ಅದರ ಗುಳಿಗಳಲ್ಲಿ ಬಿತ್ತನೆ ಆಲೂಗಡ್ಡೆ ಮೊಳಕೆಗೆ ಬಿಡುತ್ತಾರೆ. ನಾಲ್ಕು ವರ್ಷದಿಂದ ನೋಡಿದ್ದೇನೆ. "ಮೊಯಿ", ಅಂದರೆ ನಮಸ್ಕಾರ, ಅಂದು ದಾಟಿಹೋಗುವುದಷ್ಟೇ ನಮ್ಮ ಪರಿಚಯ. ಆವತ್ತು ನಿಂತು, ಯಾವಾಗ ನೆಡುತ್ತೀರಿ ಅಂತ ಕೇಳಿದೆ. ಮಾತಿಗೆ ಮಾತು ಬಂದು, "ನನಗೀಗ ಕೆಲಸವಿಲ್ಲ" ಅಂತ ಅದೇ ಪುಸ್ತಕದ ಫಿನ್ನಿಷಿನಲ್ಲಿ ಹೇಳಿಬಿಟ್ಟೆ.

ಅವರು ಅಯ್ಯೋ ಅನ್ನಲಿಲ್ಲ. ತಲೆಯಾಡಿಸಿ ಒಳಗೆ ಹೋದರು. ಟ್ರೇಯನ್ನು ಕತ್ತರಿಯಿಂದ ಕತ್ತರಿಸಿ ಆರು ಗಡ್ಡೆ ತಂದು ಕೈಗಿಟ್ಟರು. ಒಂದೊಂದರ ಮೇಲೂ ದಪ್ಪನೆಯ, ನೇರಳೆ ತುದಿಯ ಮೊಳಕೆ. "ಮೇ ಮಧ್ಯದಲ್ಲಿ ನೆಡು. ಬಕೆಟ್ಟಾದರೂ ಸಾಕು. ಮೊಳಕೆ ಮೇಲಿರಲಿ."

ಮೇಲೆ ಬಂದು ಟ್ರೇಯನ್ನು ಬೆಳಕಿಗಿಟ್ಟೆ. ಆಮೇಲೆ ಅಮ್ಮನಿಗೆ ಮತ್ತೆ ಫೋನ್ ಮಾಡಿದೆ.