ಅಡಕೆಯಂಗಳದಲ್ಲಿ ಕಂಡ ತಪ್ಪು

ಬದಿಯಡ್ಕದ ಮನೆಗೆ ಹೋದಾಗಲೆಲ್ಲ ಮಾವನದು ಒಂದೇ ಪ್ರಶ್ನೆ: "ಏನು ಮಾರಾಯ, ನಮ್ಮ ಗುಡ್ಡೆಯ ಅಡಿಯಲ್ಲಿ ಎಣ್ಣೆ ಉಂಟೋ ಎಂದು ನಿನ್ನ ಉಪಗ್ರಹ ಹೇಳಲಿಕ್ಕಿಲ್ಲವೋ?"

ಉಪಗ್ರಹಕ್ಕೆ ನೆಲದಡಿಯ ಎಣ್ಣೆ ಕಾಣುವುದಿಲ್ಲ. ಕಾಣುವುದು ನೆಲದ ಮೇಲಿನ ಕಲ್ಲು, ಅದರ ಬಣ್ಣ, ಬಾಗು, ಸೀಳು. ಒಳಗಿನದನ್ನು ಊಹಿಸುವುದಕ್ಕೆ ನನಗೆ ಸಂಬಳ.

ಲ್ಯಾಂಡ್‌ಸ್ಯಾಟ್ ಎಂಬ ಉಪಗ್ರಹ ತೆಗೆದ ಇರಾನಿನ ಜಾಗ್ರೋಸ್ ಬೆಟ್ಟಗಳ ಚಿತ್ರ ನೋಡಿದವರಿಗೆ ಈ ಕೆಲಸ ತೀರಾ ಸುಲಭ ಅನಿಸೀತು. ಕಣ್ಣಿಗೆ ಅಡ್ಡ ಬರುವ ಕಾಡಿಲ್ಲ. ಸುಣ್ಣಕಲ್ಲಿನ ಪದರಗಳು ಕವುಚಿ ಹಾಕಿದ ದೋಣಿಗಳಂತೆ ಸಾಲಾಗಿ ಮಲಗಿವೆ. ಈ ಉಬ್ಬುಮಡಿಕೆಗೆ ಆಂಟಿಕ್ಲೈನ್ ಎಂದು ಹೆಸರು. ನೀರಿಗಿಂತ ಹಗುರವಾದ ಎಣ್ಣೆ ಮೇಲೇರುತ್ತ ಹೋಗಿ, ಒಸರಲು ಬಿಡದ ಬಿಗಿಪದರ ಸಿಕ್ಕಿದಲ್ಲಿ ನಿಲ್ಲುತ್ತದೆ. ಆ ಸೀಮೆಯ ಮಸ್ಜಿದ್ ಸುಲೇಮಾನ್‌ನಲ್ಲಿ 1908ರಲ್ಲಿ ಎಣ್ಣೆ ಚಿಮ್ಮಿದಾಗ ಉಪಗ್ರಹವೆಲ್ಲಿತ್ತು?

ನಮ್ಮೂರಿನ ಚಿತ್ರದಲ್ಲಿ ಮಳೆಗಾಲವಿಡೀ ಮೋಡ, ಉಳಿದ ದಿನ ಅಡಕೆ ಮತ್ತು ರಬ್ಬರ್. ಕೆಂಪು ಬೆಳಕಿನ ಅಂಕಿಯನ್ನು ನೀಲಿಯದರಿಂದ ಭಾಗಿಸಿದರೆ ಕಬ್ಬಿಣದ ತುಕ್ಕಿರುವ ನೆಲ ಹೊಳೆದು ಕಾಣುತ್ತದೆ; ಹಾಗೆ ಮಾಡಿದಾಗ ಬೋಳು ಪದವುಗಳೂ ಮುರಕಲ್ಲಿನ ಕೋರೆಗಳೂ ಎದ್ದು ಬಂದವು. ಅದರ ಕೆಳಗಿರುವುದು ಬೆಂದು ಗಟ್ಟಿಯಾದ ಪುರಾತನ ಶಿಲೆ. ಎಣ್ಣೆ ಹುಟ್ಟುವುದು ಕೆಸರು ಪದರಪದರವಾಗಿ ಕೂತ ಕಡೆ. ಮಾವನಿಗೆ ಇದನ್ನು ಹೇಳಿದೆ, ಅವರು ನಂಬಲಿಲ್ಲ.

ಕಳೆದ ಬಾರಿ ನಾನು ಊರಿಗೆ ಬಂದದ್ದು ಪೆಟ್ಟು ತಿಂದ ಮನಸ್ಸಿನಲ್ಲಿ. ರಾಜಸ್ಥಾನದ ಒಂದು ಪ್ರದೇಶದ ಡಿಸೆಂಬರ್ ತಿಂಗಳ ಚಿತ್ರದಲ್ಲಿ ಸ್ತರಭಂಗಗಳೆಂದು, ಅಂದರೆ ಶಿಲೆ ಸೀಳಿ ಜರುಗಿದ ಜಾಗಗಳೆಂದು, ಮೂವತ್ತೊಂದು ಗೆರೆ ಎಳೆದಿದ್ದೆ. ಹೆಚ್ಚಿನವು ಈಶಾನ್ಯದಿಂದ ನೈಋತ್ಯಕ್ಕೆ. ಹಿರಿಯರೊಬ್ಬರು ನೋಡಿ, "ಇದು ಭೂಮಿಯ ದಿಕ್ಕೋ, ಸೂರ್ಯನ ದಿಕ್ಕೋ?" ಎಂದು ಕೇಳಿ ಕಾಗದ ಮರಳಿಸಿದ್ದರು. ನನಗೆ ಸಿಟ್ಟು ಬಂದಿತ್ತು.

ಅಂದು ಸಂಜೆ ಅಂಗಳದಲ್ಲಿ ಅತ್ತೆ ಕಾಲೆಳೆದುಕೊಂಡು ನಡೆಯುತ್ತ ಅಡಕೆ ಮಗುಚುತ್ತಿದ್ದರು. ಪಡುವಣ ಬಿಸಿಲು ನೆಲಮಟ್ಟಕ್ಕೆ ಇಳಿದಿತ್ತು. ತೆಂಕಣದಿಂದ ಬಡಗಣಕ್ಕೆ ಅವರು ನಡೆದ ಸಾಲುಗಳ ಒಂದೊಂದು ಏರಿಗೂ ಕಪ್ಪು ನೆರಳಿನ ಅಂಚು. ಅಂಗಳದ ಇನ್ನೊಂದು ಕೊನೆಯಲ್ಲಿ ಅವರು ಮೂಡುಪಡುವಾಗಿ ನಡೆದಿದ್ದರು. ಅಲ್ಲಿ ಅಡಕೆ ಚಾಪೆ ಹಾಸಿದಷ್ಟು ಸಪಾಟಾಗಿ ಕಾಣುತ್ತಿತ್ತು. ಹತ್ತಿರ ಹೋಗಿ ಬಗ್ಗಿ ಕೈಯಾಡಿಸಿದೆ. ಸಾಲುಗಳು ಇದ್ದವು, ಅಷ್ಟೇ ಆಳ.

ಲ್ಯಾಂಡ್‌ಸ್ಯಾಟ್ ನಮ್ಮ ದೇಶದ ಮೇಲೆ ಹಾಯುವುದು ಬೆಳಿಗ್ಗೆ ಹತ್ತರ ಆಸುಪಾಸಿನಲ್ಲಿ. ಚಳಿಗಾಲದಲ್ಲಿ ಆಗ ಸೂರ್ಯ ಆಗ್ನೇಯದಲ್ಲಿ, ತಗ್ಗಿನಲ್ಲಿ. ಬೆಳಕಿಗೆ ಅಡ್ಡವಾದದ್ದು ಉಬ್ಬುತ್ತದೆ, ಬೆಳಕಿನ ಜೊತೆಗೇ ಓಡುವುದು ಅಡಗುತ್ತದೆ.

"ಅಡಕೆ ಮುಟ್ಟಿ ಏನು ನೋಡುತ್ತೀ, ಇನ್ನೂ ಒಣಗಲಿಲ್ಲ" ಎಂದರು ಅತ್ತೆ.

ರಜೆ ಮುಗಿಸಿ ಹೋದ ಮೇಲೆ, 2000ದಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರಿನಿಂದ ಅಳೆದ ನೆಲದ ಎತ್ತರದ ಅಂಕಿಗಳನ್ನು ತೆಗೆದುಕೊಂಡು, ಕಂಪ್ಯೂಟರಿನಲ್ಲಿ ಸೂರ್ಯನನ್ನು ಈಶಾನ್ಯಕ್ಕೆ ಕೂರಿಸಿದೆ. ನನ್ನ ಮೂವತ್ತೊಂದರಲ್ಲಿ ಹನ್ನೆರಡು ಉಳಿದವು. ಹೊಸದಾಗಿ ಒಂಬತ್ತು ಬಂದವು, ಎಲ್ಲವೂ ಆಗ್ನೇಯದಿಂದ ವಾಯವ್ಯಕ್ಕೆ ಓಡುವವು.