ಬಿಚ್ಚುವ ಬಂಡಿ: ಚಿತ್ರಪುಸ್ತಕದ ಕೆಲಸ ಎಲ್ಲಿಗೆ ಬಂತು

ಬಂಡಿಯ ಪುಸ್ತಕ ಈ ವಾರ ಕೊನೆಗೂ ಹಾದಿಗೆ ಬಂದಿದೆ. ಮೂಲ ಪ್ರಶ್ನೆ ಪಾಲಿ ಭಾಷೆಯ ಬೌದ್ಧ ಗ್ರಂಥ ಮಿಲಿಂದಪಞ್ಹದ್ದು. ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ ಎಂದು ನಾಗಸೇನ ಭಿಕ್ಷು ಅರಸ ಮಿಲಿಂದನನ್ನು ಕೇಳುತ್ತಾ ಹೋಗುತ್ತಾನೆ; ಯಾವ ಭಾಗವೂ ರಥವಲ್ಲದಿದ್ದರೆ ರಥ ಎಲ್ಲಿದೆ ಎಂಬುದು ಅವನ ಪ್ರಶ್ನೆ. ರಥದ ಬದಲು ಎತ್ತಿನ ಬಂಡಿಯನ್ನಿಟ್ಟು, ಪುಟಕ್ಕೊಂದು ಭಾಗ ಕಳಚುವ ಪುಸ್ತಕವನ್ನು ಐದಾರು ವರ್ಷದ ಮಕ್ಕಳ ಕೈಯಿಂದಲೇ ಬರೆಸಬೇಕೆಂಬುದು ನನ್ನ ಆಸೆ. ಹೊಲಿಗೆ, ರಟ್ಟು, ಅಂಟು ಎಲ್ಲ ಎಂದಿನಂತೆಯೇ.

ತೊಡಕು ಎದುರಾದದ್ದು ಎರಡನೆಯ ಪುಟದಲ್ಲಿ. ಒಂದು ಗಾಲಿ ತೆಗೆದ ಬಂಡಿ ಬರೆಯಿರೆಂದರೆ ಮಕ್ಕಳು ಎರಡು ಗಾಲಿಯ ಬಂಡಿಯನ್ನೇ ಬರೆದು, ಪಕ್ಕದಲ್ಲಿ ಇನ್ನೊಂದು ಗಾಲಿ ಬರೆದು, "ಇದು ತೆಗ್ದಿದ್ದು" ಎನ್ನುತ್ತಿದ್ದರು. ಮಕ್ಕಳು ಕಂಡದ್ದನ್ನಲ್ಲ, ತಿಳಿದದ್ದನ್ನು ಬರೆಯುತ್ತಾರೆಂದು ಮಕ್ಕಳ ಚಿತ್ರಗಳನ್ನು ಅಧ್ಯಯನ ಮಾಡಿದ ಫ್ರಾನ್ಸಿನ ಲ್ಯೂಕೆ 1927ರಲ್ಲೇ ವಿವರಿಸಿದ್ದರು. ಬಂಡಿಗೆ ಎರಡು ಗಾಲಿ ಎಂಬುದು ಅವರಿಗೆ ತಿಳಿದಿದೆ, ಹಾಗಾಗಿ ಗಾಲಿ ಹೋಗುವುದೇ ಇಲ್ಲ. ರಬ್ಬರಿನಿಂದ ಅಳಿಸಿದರೆ ಮೇಣದ ಬಣ್ಣ ಹಾಳೆಯೆಲ್ಲ ಹರಡುತ್ತಿತ್ತು. ಬರೆದವರ ಮುಖವೂ ಬಾಡುತ್ತಿತ್ತು.

ಹೊಳೆದ ಉಪಾಯ, ಒಂದೊಂದು ಭಾಗಕ್ಕೆ ಒಂದೊಂದು ಪಾರದರ್ಶಕ ಹಾಳೆ. ಓಎಚ್‌ಪಿ ಶೀಟ್ (ಪ್ರೊಜೆಕ್ಟರಿಗೆ ಬಳಸುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ತರಿಸಿದರೆ ಅಂಗಡಿಯವರು ಎರಡೂ ಒಂದೇ ಎಂದು ಬಟರ್ ಪೇಪರ್ ಕಳಿಸಿದರು. ನಾಲ್ಕು ಹಾಳೆ ಪೇರಿಸುವಷ್ಟರಲ್ಲಿ ತಳದ ಚಿತ್ರವೇ ಕಾಣದು, ಅದು ಹೇಗೆ ಎರಡೂ ಒಂದೇ ಆದೀತು? ಕಡೆಗೆ ಒದಗಿದ್ದು ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗಿನ ಮೇಲೆ ಹಾಕುವ ಪ್ಲಾಸ್ಟಿಕ್ ಹಾಳೆ. ಅದರ ಮೇಲೆ ಮೇಣ ಹಿಡಿಯುವುದಿಲ್ಲ, ಪರ್ಮನೆಂಟ್ ಮಾರ್ಕರ್ ಬೇಕು. ಹಾಳೆಗಳು ಜರುಗದಂತೆ ಎಡ ಅಂಚಿನಲ್ಲಿ ಎರಡು ತೂತು ಹೊಡೆದು, ಬೇಕಾದಾಗ ಬಿಚ್ಚಲು ಬರುವಂತೆ ದಾರ ಕಟ್ಟಿದೆ.

ಈಗ ಪ್ರಶ್ನೆ ತಾನಾಗಿಯೇ ಎದ್ದಿತು. ಗಾಲಿಯ ಹಾಳೆ ತೆಗೆದಾಗ ಎಲ್ಲರೂ "ಬಂಡಿನೇ, ಮುರ್ದೋಗಿದೆ ಅಷ್ಟೆ" ಎಂದರು. ನೊಗ ತೆಗೆದಾಗ ಜಗಳ ಶುರುವಾಯಿತು. "ನೊಗ ಇಲ್ದಿದ್ರೆ ಅದು ಬಂಡಿ ಅಂತ ಎತ್ತಿಗೆ ಹೇಗೆ ಗೊತ್ತಾಗತ್ತೆ?" ಎಂದು ಒಬ್ಬಳು ಕೇಳಿದ ಮಾತಿಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ. ಅಷ್ಟರಲ್ಲಿ ಇನ್ನೊಬ್ಬ, ತೆಗೆದಿಟ್ಟ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ, "ಬಂಡಿ ಇಲ್ಲಿಗೆ ಬಂತು!" ಎಂದು ಕೂಗಿದ.

ಗ್ರೀಕ್ ಕಥೆಯ ವೀರ ಥೀಸಿಯಸನ ಹಡಗಿಗೆ ಒಂದೊಂದಾಗಿ ಹೊಸ ಹಲಗೆ ಹಾಕುತ್ತಾ, ಕಿತ್ತ ಹಳೆಯ ಹಲಗೆಗಳನ್ನೇ ಸೇರಿಸಿ ಮತ್ತೊಂದು ಹಡಗು ಕಟ್ಟಿದರೆ ಯಾವುದು ನಿಜವಾದ ಹಡಗು ಎಂದು ಇಂಗ್ಲಿಷ್ ತತ್ವಜ್ಞಾನಿ ಹಾಬ್ಸ್ 1655ರಲ್ಲಿ ಕೇಳಿದ್ದು ಇದನ್ನೇ ಅಲ್ಲವೇ? ಹಾಗಾಗಿ ಮುಂದಿನ ಪುಸ್ತಕಕ್ಕೆ ಎರಡು ಬೆನ್ನುಗಳಿರುತ್ತವೆ: ಎಡಕ್ಕೆ ಕಟ್ಟಿದ ಬಂಡಿಯಿಂದ ಹಾಳೆ ಬಿಚ್ಚಿದಂತೆಲ್ಲ ಅಲ್ಲಿಗೆ ಹೊಸ ಹಾಳೆ ಸೇರಬೇಕು, ಹಳೆಯದು ಬಲಬದಿಯ ದಾರಕ್ಕೆ ಹೋಗಬೇಕು. ತೂತುಗಳು ಎರಡೂ ಬದಿಗೆ ಕರಾರುವಾಕ್ಕಾಗಿ ಹೊಂದುವಂತೆ ಮಾಡುವ ಬಗೆ ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ಹೇಳಿ.