ಫೈಲ್ ಬೇರೆ ಮಾಡಿದ್ದೇ ತಪ್ಪಾಯ್ತಾ?

ನಿನ್ನೆ ಸಂಜೆ ಸುಮ್ನೆ ಕೋಡ್ ಚೊಕ್ಕ ಮಾಡೋಣ ಅಂತ ಕೂತೆ. ಎಚ್‌ಟಿಎಂಎಲ್ ಪುಟದೊಳಗೆ ತುರುಕಿದ್ದ ಜಾವಾಸ್ಕ್ರಿಪ್ಟನ್ನೆಲ್ಲ ಕಿತ್ತು ಬೇರೆ ಫೈಲಿಗೆ ಹಾಕಿದೆ. ಪುಟ ತೆರೆದರೆ ಬಳಕೆದಾರರ ಹೆಸರು ಬರಬೇಕಾದ ಜಾಗದಲ್ಲಿ ಜೋಡಿ ಕರ್ಲಿ ಬ್ರಾಕೆಟ್ಟು, ನಡುವೆ ವೇರಿಯೇಬಲ್ ಹೆಸರು. ಹಾಗೇ ನನ್ನ ಮುಖ ನೋಡುತ್ತಿತ್ತು!

ಆಮೇಲೆ ಹೊಳೆಯಿತು. ಸರ್ವರ್ ತುಂಬಿಸಿ ಕೊಡುವುದು ಟೆಂಪ್ಲೇಟನ್ನು, ಅಂದರೆ ಖಾಲಿ ಜಾಗ ಬಿಟ್ಟಿರುವ ಎಚ್‌ಟಿಎಂಎಲ್ ಪುಟವನ್ನು ಮಾತ್ರ. ಬೇರೆ ಇಟ್ಟ ಸ್ಕ್ರಿಪ್ಟ್ ಫೈಲನ್ನು ಬಿಚ್ಚಿಯೂ ನೋಡದೆ ದಾಟಿಸಿಬಿಡುತ್ತದೆ.

ಸ್ಕ್ರಿಪ್ಟಿಗೆ ಮೌಲ್ಯ ದಾಟಿಸೋಕೆ ಮೊದಲು ಡೇಟಾ ಆಟ್ರಿಬ್ಯೂಟ್ ಹಿಡಿದೆ, ಅಂದರೆ ಎಚ್‌ಟಿಎಂಎಲ್ ಟ್ಯಾಗಿನೊಳಗೇ ಅದನ್ನು ಬರೆದಿಡುವುದು. ಒಂದೆರಡು ಮೌಲ್ಯಕ್ಕೆ ಅದು ಸಾಕು. ಆದರೆ ಅಲ್ಲಿಂದ ಬರುವುದೆಲ್ಲ ಸ್ಟ್ರಿಂಗ್, ಬರೀ ಅಕ್ಷರಗಳ ಸಾಲು. ‘ಫಾಲ್ಸ್’ ಅಂತ ಕಳಿಸಿದರೂ ಇಫ್ ಷರತ್ತು ಅದನ್ನು ಟ್ರೂ ಅಂತಲೇ ಓದುತ್ತದೆ. ಇದರಲ್ಲೇ ಅರ್ಧ ಗಂಟೆ ಹೋಯ್ತು. ಕೊನೆಗೆ ‘ಅಪ್ಲಿಕೇಶನ್/ಜೇಸನ್’ ಟೈಪಿನ ಸ್ಕ್ರಿಪ್ಟ್ ಟ್ಯಾಗಿನಲ್ಲಿ ಎಲ್ಲವನ್ನೂ ಇಟ್ಟೆ. ಬ್ರೌಸರ್ ಅದನ್ನು ಓಡಿಸುವುದಿಲ್ಲ, ನಮ್ಮ ಫೈಲ್ ಎತ್ತಿಕೊಂಡು ಪಾರ್ಸ್ ಮಾಡುತ್ತದೆ, ಅಂದರೆ ಆ ಪಠ್ಯವನ್ನು ಬಿಡಿಸಿ ಮತ್ತೆ ಡೇಟಾ ಮಾಡಿಕೊಳ್ಳುತ್ತದೆ. ಡೇಟಾದೊಳಗೆ ಯಾರಾದರೂ ಸ್ಕ್ರಿಪ್ಟ್ ಮುಚ್ಚುವ ಟ್ಯಾಗ್ ಬರೆದಿದ್ದರೆ ಮಾತ್ರ ಕಥೆ ಮುಗಿಯಿತು, ಅದರ ಬೆನ್ನಿಗೆ ಅವರ ಕೋಡೂ ನುಗ್ಗಬಹುದು. ಹಾಗಾಗಿ ಟ್ಯಾಗ್ ಶುರುವಾಗುವ ಲೆಸ್ ದ್ಯಾನ್ (<) ಚಿಹ್ನೆಗಳನ್ನೆಲ್ಲ ಯೂನಿಕೋಡ್ ಎಸ್ಕೇಪ್‌ಗೆ, ಅಂದರೆ ಆ ಚಿಹ್ನೆಯ ಸಂಕೇತ ಸಂಖ್ಯೆಗೆ ಬದಲಿಸಿದೆ.

ಒಂದೇ ಫೈಲಿನಲ್ಲಿದ್ದಾಗ ಸರ್ವರ್ರೂ ಬ್ರೌಸರ್ರೂ ಎದುರುಬದುರು ಕೂತು ಮಾತಾಡುತ್ತಿವೆ ಅಂದುಕೊಂಡಿದ್ದೆ. ಇಷ್ಟು ವರ್ಷ! ನಿಜವಾಗಿ ನೋಡಿದರೆ, ಸ್ಕ್ರಿಪ್ಟ್ ಕಣ್ಣು ಬಿಡುವ ಹೊತ್ತಿಗೆ ಸರ್ವರ್ ಚೀಟಿ ಬರೆದಿಟ್ಟು ಎದ್ದು ಹೋಗಿರುತ್ತದೆ.

ಆ ಚೀಟಿ, ಬ್ರೌಸರಿನಲ್ಲಿ ಪುಟದ ಮೂಲ ಕೋಡ್ ತೋರಿಸುವ ವ್ಯೂ ಸೋರ್ಸ್ ಒತ್ತಿದವರಿಗೆಲ್ಲ ಕಾಣುತ್ತದೆ, ಅಲ್ವಾ? ನಾನು ಬಳಕೆದಾರರ ಇಡೀ ಆಬ್ಜೆಕ್ಟನ್ನೇ, ಅಂದರೆ ಅವರ ಎಲ್ಲ ವಿವರಗಳ ಕಟ್ಟನ್ನೇ ಅದಕ್ಕೆ ಸುರಿದಿದ್ದೆ. ರಾತ್ರಿ ಎದ್ದು ಬಂದು ಹೆಸರು, ಐಡಿ ಎರಡನ್ನೇ ಉಳಿಸಿ ಮಲಗಿದೆ.